ಅಂಗೈಯಲ್ಲಿ ಮೂರು ಬೀಜ

ಕುದಿಸಿ ಆರಿಸಿದ ಉಪ್ಪುನೀರಿನ ಬಟ್ಟಲನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟೆ. ಒಂದು ತುಂಡು ಬಟ್ಟೆ ಅದ್ದಿ, ಹಿಂಡಿ, ಅಕ್ಕನ ಕಾಲಿನ ಗಾಯದ ಮೇಲೆ ಮೊಣಕಾಲಿನಿಂದ ಕೆಳಕ್ಕೆ ಒಂದೇ ಸಲ ಎಳೆದೆ. ಆ ತುಂಡನ್ನು ಬದಿಗೆ ಹಾಕಿ ಹೊಸದನ್ನು ತೆಗೆದುಕೊಂಡೆ. ಒರೆಸಿದ ಬಟ್ಟೆಯಿಂದ ಮತ್ತೆ ಒರೆಸಬಾರದು. ಹೊಲಿಗೆ ಬಿಚ್ಚಿ ಹತ್ತು ದಿನವಾಗಿತ್ತು. ಗಾಯದ ಗೆರೆ ಒಣಗಿ ತಿಳಿ ಕೆಂಪಗಿತ್ತು. ಕೊನೆಗೆ ರಕ್ತ ಓಡುತ್ತಿದೆಯೇ ಎಂದು ನೋಡಲು ಅವಳ ಕಾಲಿನ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಟ್ಟೆ. ಉಗುರು ಬಿಳಿಚಿತು. ಒಂದು, ಎರಡು ಎಂದು ಮನಸ್ಸಿನಲ್ಲೇ ಎಣಿಸುವಷ್ಟರಲ್ಲಿ ಬಣ್ಣ ಮರಳಿತು. ಆಗಲೇ ನಾನು ಉಸಿರು ಬಿಟ್ಟದ್ದು.

ಇದನ್ನೆಲ್ಲ ನನಗೆ ಕಲಿಸಿದ್ದು ಪಟ್ಟಣದ ಆಸ್ಪತ್ರೆಯ ನರ್ಸ್. ನನಗೆ ಸ್ಪ್ಯಾನಿಷ್ ಬರುವುದಿಲ್ಲ. ನಮ್ಮ ಮೆನ್ನೊನೈಟ್ ಕ್ರೈಸ್ತರ ಹಳ್ಳಿಯಾದ ಈ ಕಾಂಪೊದಲ್ಲಿ ಹುಡುಗಿಯರ ಶಾಲೆ ಹನ್ನೆರಡನೇ ವಯಸ್ಸಿಗೆ ಮುಗಿಯುತ್ತದೆ, ಅಲ್ಲಿ ಕಲಿಯುವುದೂ ನಮ್ಮ ಜರ್ಮನ್ ಮಾತ್ರ. ಆದರೆ ಆ ನರ್ಸ್ ಕೈಸನ್ನೆಯಲ್ಲೇ ಎಲ್ಲ ಹೇಳಿದಳು. ಹಾಲಿನ ಗಾಡಿ ಹಿಂದಕ್ಕೆ ಜಾರಿ ಯುಸ್ತಿನಾ ಅಕ್ಕನ ಮೊಣಕಾಲಿನ ಕೆಳಗಿನ ಮೂಳೆ ಎರಡು ಕಡೆ ಮುರಿದಿತ್ತು. ಒಳಗೆ ಒಂದು ಉಕ್ಕಿನ ಪಟ್ಟಿ, ಎಂಟು ತಿರುಪು. ಮೂಳೆಯ ಫೋಟೊದಲ್ಲಿ ನೋಡಿದ್ದೆ, ಬೇಲಿ ಕಂಬಕ್ಕೆ ಹಲಗೆ ಬಡಿದ ಹಾಗಿತ್ತು. ಹೊರಡುವಾಗ ಡಾಕ್ಟರಮ್ಮ ಹೇಳಿದ್ದನ್ನು ಅಪ್ಪ ನಮಗೆ ಹೇಳಿದರು. "ಎರಡು ತಿಂಗಳು ಕಾಲು ಊರಬಾರದಂತೆ. ಮೂಳೆ ಇನ್ನೂ ಹಸಿ, ತಿರುಪು ಕಿತ್ತು ಬರುತ್ತಂತೆ. ನಿಮ್ಮ ಮೆನ್ನೊನೈಟರ ಮನೆಗಳಲ್ಲಿ ಮೂಳೆ ಎಳೆಯೋ ಅಜ್ಜಂದಿರು ಇರ್ತಾರೆ, ಅವರ ಕೈಗೆ ಮಾತ್ರ ಕೊಡಬೇಡಿ ಅಂತಾಳೆ." ಅಪ್ಪ ನಕ್ಕರು. ನರ್ಸ್ ನಗಲಿಲ್ಲ. ಅಂಗೈಯ ಅಂಚನ್ನು ತನ್ನ ಮೊಣಕಾಲಿನ ಮೇಲಿಟ್ಟು ಗರಗಸದ ಹಾಗೆ ಅಡ್ಡಕ್ಕೆ ಎಳೆದು ತೋರಿಸಿದಳು. ಅಪ್ಪ ಆಗ ಚಪ್ಪಲಿ ಹುಡುಕುತ್ತಿದ್ದರು. ನೋಡಿದ್ದು ನಾನೊಬ್ಬಳೇ.

ಆ ಭಾನುವಾರ ನಾನು ಬಟ್ಟಲು ಎತ್ತುವ ಹೊತ್ತಿಗೆ ಗ್ರೀಟಾ ಅತ್ತೆ ಒಳಗೆ ಬಂದರು. ಅಮ್ಮ ಹೋದಮೇಲೆ ನಮ್ಮ ಮನೆ ನಡೆಸುವವರು ಅಪ್ಪನ ಈ ಅಕ್ಕನೇ. ಮಂಚದ ಕಾಲ ಬಳಿ ನಿಂತು, ತಲೆ ಓರೆ ಮಾಡಿ ನೋಡಿದರು.

"ಯುಸ್ತಿನಾ, ನಿನ್ನ ಈ ಪಾದ ಎಲ್ಲಿಗೆ ಹೊರಟಿದೆ?"

"ಎಲ್ಲಿಗೆ ಅಂದ್ರೆ?"

"ಆ ಕಾಲು ಸೂರು ನೋಡ್ತಿದೆ, ಈ ಕಾಲು ಪಕ್ಕದ ಮನೆ ಕಿಟಕಿ ನೋಡ್ತಿದೆ. ಅಬ್ರಾಮ, ಬಾ ಇಲ್ಲಿ."

ಅಪ್ಪ ಬಂದು ನೋಡಿದರು. ನಿಜ, ಪಾದ ಸ್ವಲ್ಪ ಹೊರಕ್ಕೆ ವಾಲಿತ್ತು. ಆಸ್ಪತ್ರೆಯಲ್ಲೂ ಹಾಗೇ ಇತ್ತು. ನರ್ಸ್ ಅದರ ಪಕ್ಕ ದಿಂಬಿಟ್ಟು, ತೊಡೆಯ ಸ್ನಾಯು ತಟ್ಟಿ, ಇದಕ್ಕೆ ಶಕ್ತಿ ಬಂದರೆ ಅದು ನೆಟ್ಟಗಾಗುತ್ತದೆ ಎಂದು ತೋರಿಸಿದ್ದಳು. ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ, "ಹೀಗೇ ಕೂಡಿದ್ರೆ ಜನ್ಮವಿಡೀ ಬಾತುಕೋಳಿ ಹಾಗೆ ನಡೀಬೇಕು ಹುಡುಗಿ," ಎಂದಾಗಿತ್ತು. ಅಕ್ಕನ ಮುಖ ಇಳಿಯಿತು.

"ಡಿರ್ಕ್ ಅಜ್ಜನ್ನ ಕರೆಸಿ ಅಪ್ಪಾ," ಎಂದಳು ಅಕ್ಕ. "ಒಂದು ಸಲ ಎಳೆದು ನೆಟ್ಟಗೆ ಮಾಡಿ ಕಟ್ಟಿಬಿಡಲಿ."

"ಮಂಗಳವಾರ ಹಾಲು ಕರೆದ ಮೇಲೆ ಕರ್ಕೊಂಡು ಬರ್ತೀನಿ," ಎಂದರು ಅಪ್ಪ.

ಡಿರ್ಕ್ ವಾಲ್ ಅಜ್ಜನ ಕೈ ತಾಗದ ಮನೆ ನಮ್ಮ ಕಾಂಪೊದಲ್ಲಿಲ್ಲ. ಅಪ್ಪನ ಭುಜ ಕೂಡಿಸಿದ್ದು ಅವರೇ, ಅತ್ತೆಯ ಮಣಿಕಟ್ಟು ಕೂಡ. ಭಾನುವಾರದ ಮಧ್ಯಾಹ್ನ ಎಲ್ಲರೂ ಅಂಗಳದಲ್ಲಿ ಕೂತು ಸೂರ್ಯಕಾಂತಿ ಬೀಜ ಕಡಿಯುವಾಗ ಮಕ್ಕಳು ಅವರನ್ನು ಮುತ್ತಿಕೊಳ್ಳುತ್ತಿದ್ದರು. ಅಜ್ಜ ಕಣ್ಣು ಮುಚ್ಚಿ ಕೈ ಚಾಚುತ್ತಿದ್ದರು. ನಾವು ಬೀಜ ಹಾಕಬೇಕು. ಅವರ ಹೆಬ್ಬೆರಳು ಅಂಗೈ ಮೇಲೆ ಒಂದು ಸುತ್ತು ಬರುತ್ತಿತ್ತು, ಅಷ್ಟೇ. "ಏಳು. ಅದರಲ್ಲಿ ಎರಡು ಜೊಳ್ಳು." ಒಮ್ಮೆಯೂ ತಪ್ಪಿದವರಲ್ಲ. ಜೊಳ್ಳು ಬೀಜ ಗೊತ್ತಾಗುವ ಬೆರಳಿಗೆ ಚರ್ಮದ ಕೆಳಗಿನ ಮೂಳೆ ಗೊತ್ತಾಗದೆ ಇರುತ್ತದೆಯೇ ಎಂದು ದೊಡ್ಡವರು ಹೇಳುತ್ತಿದ್ದರು.

ಹೋದ ವರ್ಷ ಜೋಳದ ಕೊಯ್ಲಿನ ನಂತರ ಅಜ್ಜ ಆ ಆಟ ನಿಲ್ಲಿಸಿದರು. ಯಾರೂ ಏಕೆಂದು ಕೇಳಲಿಲ್ಲ. ನನಗೆ ಗೊತ್ತಿತ್ತು.

ಅವರ ಹೆಂಡತಿ ತೀರಿಕೊಂಡ ಮೇಲೆ ಪ್ರತಿ ಸೋಮವಾರ ನಾನು ಹೋಗಿ ಮನೆ ಗುಡಿಸಿ, ಒಲೆ ಒರೆಸಿ ಬರುತ್ತೇನೆ. ಒಂದು ಸೋಮವಾರ ಅಜ್ಜ ಹಸುವಿನ ವಿಷಯ ಏನೋ ಹೇಳುತ್ತಾ, ಉರಿಯುವ ಒಲೆಯ ಕಬ್ಬಿಣದ ಮುಚ್ಚಳವನ್ನು ಬರಿಗೈಯಲ್ಲಿ ಎತ್ತಿದರು. ಮಾತು ನಿಲ್ಲಲಿಲ್ಲ. ಚರ್ಮ ಸುಟ್ಟ ವಾಸನೆ ನನ್ನ ಮೂಗಿಗೆ ಬಂತು. ಅವರು ನನ್ನ ಮುಖ ನೋಡಿದರು, ಆಮೇಲೆ ಕೈ ನೋಡಿದರು, ಮುಚ್ಚಳ ಕೆಳಗಿಟ್ಟು ಕೈಯನ್ನು ಜೇಬಿಗೆ ಹಾಕಿಕೊಂಡರು.

"ನೀನು ಬಾಯಿಬಡುಕಿ ಅಲ್ಲ ಅಲ್ವಾ, ನೇಥಾ?"

ಅಲ್ಲ ಎಂದು ತಲೆಯಾಡಿಸಿದೆ.

ಆಮೇಲೆ ಚಳಿಗಾಲದಲ್ಲಿ ಪಕ್ಕದ ಮನೆಯ ಮಗುವಿನ ಮುಂಗೈ ಮುರಿದಾಗ ಅಜ್ಜನೇ ಎಳೆದು ಕಟ್ಟಿದರು. ಆ ಮಗುವಿನ ಅಂಗೈ ಈಗ ಮೇಲಕ್ಕೆ ತಿರುಗುವುದಿಲ್ಲ. ರೊಟ್ಟಿ ಕೊಟ್ಟರೆ ಎರಡು ಕೈಯಲ್ಲಿ ಒತ್ತಿ ಹಿಡಿದುಕೊಳ್ಳುತ್ತದೆ. ಎಳೆಯುವಾಗ ಮಗು ಒದ್ದಾಡಿಬಿಟ್ಟಿತು ಎಂದು ಜನ ಹೇಳಿದರು. ನಾನು ಏನೂ ಹೇಳಲಿಲ್ಲ.

ಈಗ ಅದೇ ಕೈ ಅಕ್ಕನ ಕಾಲಿಗೆ ಬರುತ್ತಿತ್ತು.

ಆ ಭಾನುವಾರ ಸಂಜೆ ಅಕ್ಕನಿಗೆ ಸೂಪು ಕೊಡುತ್ತಾ, "ಬೇಡ ಅಕ್ಕಾ. ಡಾಕ್ಟರಮ್ಮ ಎಳೀಬಾರದು ಅಂದಿದ್ದಾರೆ," ಎಂದೆ.

"ಓಹೋ, ಬಾಯಿದೆ ಇವಳಿಗೆ. ನಿನ್ನ ನಾಲಿಗೆಗೂ ಪಟ್ಟಿ ತಿರುಪು ಹಾಕಿದ್ದಾರೆ ಅಂದ್ಕೊಂಡಿದ್ದೆ."

"ಅಜ್ಜನಿಗೆ ವಯಸ್ಸಾಯ್ತು."

"ಡಾಕ್ಟರಮ್ಮನಿಗೆ ಇನ್ನೂ ಹಾಲುಹಲ್ಲೇ ಬಿದ್ದಿಲ್ಲ. ಏನೀಗ?" ಅಕ್ಕ ಚಮಚ ಕೆಳಗಿಟ್ಟಳು. ಅವಳ ದನಿ ಸಣ್ಣಗಾಯಿತು. "ನೇಥಾ, ಕುಂಟಿ ಅನ್ನಿಸ್ಕೊಂಡು ಬದುಕೋಕೆ ನಂಗೆ ಭಯ ಕಣೆ. ನೀನು ಭಯ ಹೆಚ್ಚಿಸಬೇಡ."

ಸೋಮವಾರ ಅಜ್ಜನ ಮನೆಗೆ ಹೋದೆ. ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದೆ. ಅಜ್ಜ ಕಿಟಕಿಯ ಬಳಿ ಕೂತು ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಣಗುತ್ತಿದ್ದರು. ಕಣ್ಣಿನಿಂದ ನೋಡಿ ನೋಡಿ ಹಾಕಬೇಕಾಗಿತ್ತು. ನಾನು ಪೊರಕೆ ಹಿಡಿದು ನಿಂತೆ.

"ಅಜ್ಜಾ, ನಾಳೆ ಬರಬೇಡಿ."

ಅವರು ಗುಂಡಿಯನ್ನೇ ನೋಡುತ್ತಿದ್ದರು. "ನಿಮ್ಮಪ್ಪ ಟೋಪಿ ಕೈಯಲ್ಲಿ ಹಿಡ್ಕೊಂಡು ಬಂದು ಕೇಳಿದ. ಐವತ್ತು ವರ್ಷದಲ್ಲಿ ಯಾರಿಗೂ ಆಗಲ್ಲ ಅಂದಿಲ್ಲ. ಈಗ ಆಗಲ್ಲ ಅಂದ್ರೆ ಯಾಕೆ ಅಂತ ಕೇಳ್ತಾನೆ."

"ಹೇಳಿಬಿಡಿ."

"ಹೇಳಿದ ಮೇಲೆ ನಾನು ಯಾರು?" ಎಂದರು. ಗುಂಡಿಯನ್ನು ಹಾಗೇ ಬಿಟ್ಟು, "ಮೆತ್ತಗೆ ಎಳೀತೀನಿ," ಎಂದರು.

ಎಷ್ಟು ಬಲ ಹಾಕುತ್ತಿದೆ ಎಂದು ಆ ಕೈಗೇ ಗೊತ್ತಿಲ್ಲದಾಗ ಮೆತ್ತಗೆ ಎಂದರೇನು? ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತಾ ಬಂದೆ. ಮನೆ ತಲುಪಿದಾಗ ಅತ್ತೆ ಹಳೆಯ ದುಪ್ಪಟಿಯನ್ನು ಉದ್ದುದ್ದ ಹರಿಯುತ್ತಿದ್ದರು. ಎರಡು ಹಲಗೆ ಗೋಡೆಗೆ ಒರಗಿದ್ದವು. "ಬಂದ್ಯಾ ಮೂಗೀ, ಇದನ್ನ ಸುತ್ತು," ಎಂದರು. ಸುತ್ತಿದೆ. ಒಂದೊಂದು ಸುರುಳಿ ಸುತ್ತುವಾಗಲೂ ಅಪ್ಪನ ಹತ್ತಿರ ಹೋಗಿ ಹೇಳಬೇಕೆಂದುಕೊಂಡೆ. ಅಪ್ಪ ಎರಡು ಸಲ ನನ್ನ ಪಕ್ಕದಿಂದಲೇ ಹಾದುಹೋದರು. ಹೇಳಿದರೆ ನಂಬುವವರು ಯಾರು? ಹೋದ ವರ್ಷದಿಂದ ಗೊತ್ತಿದ್ದೂ ಸುಮ್ಮನಿದ್ದೆಯಾ ಎಂದರೆ ಏನು ಹೇಳಲಿ?

ಮಂಗಳವಾರ ಅಜ್ಜ ಬಂದರು. ಬಾಗಿಲಲ್ಲೇ ಟೋಪಿ ತೆಗೆದು, "ಎಲ್ಲಿ ನಮ್ಮ ಓಟಗಾರ್ತಿ?" ಎಂದರು. ಅಕ್ಕ ನಕ್ಕಳು, ಆದರೆ ಅವಳ ತುಟಿ ಬಿಳಿಚಿತ್ತು. ಅಜ್ಜ ಕೈ ತೊಳೆಯಲು ಬಂದಾಗ ನೀರು ಹಾಕಿದ್ದು ನಾನು. ಒಲೆಯಿಂದ ಆಗತಾನೇ ಇಳಿಸಿದ ನೀರು, ಹಬೆ ಏಳುತ್ತಿತ್ತು. ತಣ್ಣೀರು ಬೆರೆಸುವುದನ್ನು ಮರೆತಿದ್ದೆ. ಒಂದು ಹನಿ ಸಿಡಿದು ನನ್ನ ಕೈಗೆ ತಾಗಿ ನಾನು ಹಿಂದೆ ಸರಿದೆ. ಅಜ್ಜ ಆ ನೀರಿನಲ್ಲಿ ಬೆರಳುಗಳನ್ನು ನಿಧಾನವಾಗಿ ಉಜ್ಜಿಕೊಳ್ಳುತ್ತಿದ್ದರು. ಚರ್ಮ ಕೆಂಪಾಗುವುದನ್ನು ನಾವಿಬ್ಬರೂ ನೋಡಿದೆವು. ಅವರು ಒರೆಸಿಕೊಂಡು ಒಳಗೆ ಹೋದರು.

ಅಪ್ಪ ಮಂಚದ ತಲೆಯ ಬದಿ ನಿಂತು ಅಕ್ಕನ ಭುಜಗಳನ್ನು ಅದುಮಿ ಹಿಡಿದರು. ಅತ್ತೆ ಮೊಣಕಾಲನ್ನು ಹಿಡಿದರು. ಕಚ್ಚಿಕೊಳ್ಳಲು ಅಕ್ಕನ ಬಾಯಿಗೆ ಸುರುಳಿ ಸುತ್ತಿದ ಟವೆಲ್ ಕೊಟ್ಟರು.

"ಕಿರುಚಿದ್ರೆ ಹಸು ಹಾಲು ಕೊಡಲ್ಲ, ನೋಡು ಮತ್ತೆ," ಎಂದರು ಅತ್ತೆ.

ಅಜ್ಜ ಒಂದು ಕೈಯಲ್ಲಿ ಹಿಮ್ಮಡಿ ಹಿಡಿದು, ಇನ್ನೊಂದು ಕೈಯನ್ನು ಗಾಯದ ಗೆರೆಯ ಪಕ್ಕ ಇಟ್ಟರು. ಯಾವಾಗಲೂ ಮಾಡುವ ಹಾಗೆ ಕಣ್ಣು ಮುಚ್ಚಿದರು. ಹೆಬ್ಬೆರಳು ಮೇಲೆ ಕೆಳಗೆ ಹೋಯಿತು. ಉಕ್ಕಿನ ಪಟ್ಟಿಯ ಅಂಚು ಚರ್ಮದ ಕೆಳಗೆ ಎಲ್ಲಿದೆ ಎಂದು ನನಗೆ ಕಣ್ಣಿಗೇ ಕಾಣುತ್ತಿತ್ತು. ಹೆಬ್ಬೆರಳು ಅದರ ಮೇಲೆಯೇ ಹಾದುಹೋಯಿತು, ನಿಲ್ಲಲಿಲ್ಲ. ಮತ್ತೆ ಹಾದುಹೋಯಿತು. ಅಜ್ಜ ಕಣ್ಣು ತೆರೆದು ತಮ್ಮ ಬೆರಳು ಎಲ್ಲಿದೆ ಎಂದು ನೋಡಿಕೊಂಡರು. ಹಿಮ್ಮಡಿಯ ಮೇಲಿನ ಹಿಡಿತ ಬಿಗಿಯಾಗುತ್ತಾ ಹೋಯಿತು. ಅಕ್ಕನ ಕಾಲ್ಬೆರಳ ಉಗುರುಗಳು ಬಿಳಿಚಿದವು. ಒಂದು, ಎರಡು, ಮೂರು, ನಾಲ್ಕು. ಬಣ್ಣ ಬರಲಿಲ್ಲ.

ನನ್ನ ಏಪ್ರನ್ ಜೇಬಿನಲ್ಲಿ ಭಾನುವಾರದ ಬೀಜ ಉಳಿದಿದ್ದವು. ಅವನ್ನು ಮುಷ್ಟಿಯಲ್ಲಿ ಹಿಡಿದು ಮಂಚದ ಬಳಿ ಹೋದೆ.

"ಅಜ್ಜಾ, ಮೊದಲು ಇದನ್ನ ಹೇಳಿ," ಎಂದೆ.

"ಏನೇ ಇದು ಈಗ, ಮಕ್ಕಳಾಟ?" ಎಂದರು ಅತ್ತೆ.

"ಹಾಕಲಿ ಬಿಡು," ಎಂದರು ಅಪ್ಪ. "ಅಜ್ಜಂಗೆ ಅದೇನು ಹೊಸದಾ? ಯುಸ್ತಿನಂಗೂ ಸ್ವಲ್ಪ ಧೈರ್ಯ ಬರುತ್ತೆ."

ಅಜ್ಜ ನನ್ನನ್ನು ನೋಡಿದರು. ಆ ನೋಟವನ್ನು ನಾನು ಮರೆಯಲಾರೆ. ಆಮೇಲೆ ಹಿಮ್ಮಡಿ ಬಿಟ್ಟು, ಬಲಗೈ ಚಾಚಿ, ಕಣ್ಣು ಮುಚ್ಚಿದರು. ಅವರ ಅಂಗೈಯಲ್ಲಿ ಮೂರು ಬೀಜ ಇಟ್ಟೆ. ಒಂದು ಜೊಳ್ಳು.

ಹೆಬ್ಬೆರಳು ಒಂದು ಸುತ್ತು ಬಂತು. ಇನ್ನೊಂದು ಸುತ್ತು ಬಂತು. ಒಂದು ಬೀಜ ಬೆರಳ ಸಂದಿನಿಂದ ಜಾರಿ ಕಂಬಳಿಯ ಮೇಲೆ ಬಿತ್ತು. ಹೆಬ್ಬೆರಳು ಅದು ಇದ್ದ ಜಾಗವನ್ನು ಉಜ್ಜುತ್ತಲೇ ಇತ್ತು. ಎರಡನೆಯದೂ ಬಿತ್ತು. ಅಪ್ಪನ ಮುಖದ ಮೇಲಿನ ನಗು ಹಾಗೇ ನಿಂತಿತ್ತು. ಅತ್ತೆ ಕಂಬಳಿಯ ಮೇಲಿನ ಬೀಜ ನೋಡಿದರು, ಅಜ್ಜನ ಮುಖ ನೋಡಿದರು. ಅಕ್ಕ ಟವೆಲ್ ಕಚ್ಚಿಕೊಂಡೇ ಕಣ್ಣು ಅಗಲಿಸಿದ್ದಳು. ಗೋಡೆಯ ಗಡಿಯಾರದ ಲೋಲಕ ಆ ಕಡೆ ಹೋಗಿ ಈ ಕಡೆ ಬರುತ್ತಿತ್ತು.

ಅಜ್ಜ ಕಣ್ಣು ತೆರೆಯಲಿಲ್ಲ. ಅವರ ಕೈ ಚಾಚಿಯೇ ಇತ್ತು. ಅಪ್ಪನ ಎರಡು ಕೈಗಳೂ ಅಕ್ಕನ ಭುಜದ ಮೇಲೆ ಇದ್ದ ಹಾಗೇ ಇದ್ದವು.

"ಅಪ್ಪಾ," ಎಂದೆ, "ಅಕ್ಕನ್ನ ಬಿಡಿ."