ಬೀದಿಯ ಮಗ್ಗಗಳು ನಿಂತ ಸಂಜೆ

ಬೀದಿಯ ಆ ತುದಿಯ ಮುನಿರಾಮಯ್ಯನವರ ಮಗ್ಗ ಮೊದಲು ನಿಂತಿತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಎದುರು ಸಾಲಿನವು. ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಹುಟ್ಟಿದವರಿಗಾಗಲಿ, ಅರುಣಾಳಂತೆ ಸೊಸೆಯಾಗಿ ಬಂದವರಿಗಾಗಲಿ ಇದರ ಅರ್ಥವನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಕರೆಂಟು ಹೋದರೆ ಮಗ್ಗಗಳೆಲ್ಲ ಒಟ್ಟಿಗೆ ಸುಮ್ಮನಾಗುತ್ತವೆ. ಹೀಗೆ ಒಂದೊಂದಾಗಿ ಬಾಯಿ ಮುಚ್ಚಿದವೆಂದರೆ ಬೀದಿಯೊಳಕ್ಕೆ ಸರ್ಕಾರದ ಜೀಪು ಬಂದಿದೆ ಎಂದರ್ಥ. ಜೀಪು ಬಂದರೆ ಮೊದಲು ಮಾಡಬೇಕಾದದ್ದು ಮಕ್ಕಳನ್ನು ಹಿತ್ತಲ ಕಡೆಯಿಂದ ದಾಟಿಸುವುದು. ಮಗ್ಗದ ಮನೆಯಲ್ಲಿ ಮಗು ಕಣ್ಣಿಗೆ ಬಿದ್ದರೆ ನೂಲು ಸುತ್ತೋಕೆ ಇಟ್ಕೊಂಡಿದೀರಾ ಎಂದು ಕೇಸು ಹಾಕುತ್ತಾರೆ ಅನ್ನುವ ಭಯ ಅಲ್ಲಿನ ಗೋಡೆಗಳಿಗೂ ಇತ್ತು.

ಅರುಣಾ ತನ್ನ ಮಗ್ಗದ ಸ್ವಿಚ್ಚು ಆರಿಸಿ ಒಳಕೋಣೆಗೆ ಓಡಿದಳು. ಒಂದನೇ ಕ್ಲಾಸಿನ ಇಂಚರ ಯೂನಿಫಾರಂ ಬಿಚ್ಚದೆ ನೆಲದ ಮೇಲೆ ಕೂತು ಹರಿದ ನೂಲುಗಳಿಂದ ಏನೋ ಗೂಡು ಕಟ್ಟುತ್ತಿದ್ದಳು. ಮಂಚದ ಕಾಲಿನಿಂದ ಅವಳ ಕಣಕಾಲಿನವರೆಗೆ ಸೀರೆಯಂಚಿನ ಪಟ್ಟಿಯೊಂದು ಚಾಚಿತ್ತು. ಶಾಲೆ ಬಿಟ್ಟು ಬಂದವಳು ಮಗ್ಗದ ಹತ್ತಿರ ಸುಳಿಯದಿರಲಿ ಎಂದು ಅರುಣಾ ಅದನ್ನು ದಿನವೂ ಕಟ್ಟುತ್ತಿದ್ದಳು. ಈಗ ಆ ಗಂಟು ಬಿಚ್ಚಿ, ಮಗಳನ್ನು ಎತ್ತಿ ಹಿತ್ತಲ ಗೋಡೆಯ ಆಚೆಗೆ, ಕಮರ್ ಜಹಾನಳ ಕೈಗೆ ಇಳಿಸಿದಳು. ಕಮರ್ ಜಹಾನಳ ಗಂಡ ಸೀರೆ ವ್ಯಾಪಾರಿ. ಆ ಮನೆಯಲ್ಲಿ ಮಗ್ಗವಿಲ್ಲ, ಹಾಗಾಗಿ ಮಕ್ಕಳಿಗೆ ಅದೇ ಕೋಟೆ.

"ಜೀಪಾ?" ಎಂದಳು ಕಮರ್ ಜಹಾನ್.

"ಹೂಂ ಕಮರಕ್ಕ. ಯಾರು ಕೇಳಿದ್ರೂ ಬಾಯಿ ಬಿಡ್ಬೇಡ."

"ನನ್ಗೆ ಹೇಳ್ಕೊಡ್ತೀಯಾ? ಹೋಗು, ಹೋಗು."

ಅರುಣಾ ಸೆರಗಿನಲ್ಲಿ ಮುಖ ಒರೆಸಿಕೊಂಡು ಮುಂಬಾಗಿಲಿಗೆ ಬರುವಷ್ಟರಲ್ಲಿ ಜೀಪು ಬೇರೆಲ್ಲೂ ನಿಲ್ಲದೆ ಅವರ ಮನೆಯೆದುರಿಗೇ ನಿಂತಿತ್ತು. ಇಳಿದವರಲ್ಲಿ ಒಬ್ಬಳನ್ನು ಕಂಡು ಅವಳಿಗೆ ದಿಕ್ಕೇ ತೋಚಲಿಲ್ಲ. ಇಂಚರಳ ಕ್ಲಾಸಿನ ಶ್ವೇತ ಮಿಸ್ಸು! ಮಿಸ್ಸಿಗೂ ನೂಲಿನ ಕೇಸಿಗೂ ಎಲ್ಲಿಯ ನಂಟು? ಪಕ್ಕದಲ್ಲಿ ತಲೆಗೆ ದುಪಟ್ಟಾ ಹೊದ್ದ, ಅರುಣಾಳಿಗಿಂತ ಸ್ವಲ್ಪ ದೊಡ್ಡವರಂತೆ ಕಾಣುವ ಹೆಂಗಸು.

"ನಾನು ಸುಮೇರಾ, ಮಕ್ಕಳ ರಕ್ಷಣಾ ಘಟಕದಿಂದ ಬಂದಿದೀನಿ. ಇಂಚರ ಎಲ್ಲಮ್ಮ?"

"ಊರಲ್ಲಿಲ್ಲ ಮೇಡಂ," ಎಂದುಬಿಟ್ಟಳು ಅರುಣಾ. ಬೀದಿಯಲ್ಲಿ ಎಲ್ಲರೂ ಹೇಳುವ ಮಾತು ಅದು, ನಾಲಗೆಯ ತುದಿಯಲ್ಲೇ ಇತ್ತು. "ಬೂದಿಗೆರೆಗೆ ಹೋಗಿದಾಳೆ, ನಮ್ಮಮ್ಮನ ಮನೆಗೆ. ಸುಮಾರು ದಿನ ಆಯ್ತು."

ಶ್ವೇತ ಮಿಸ್ಸಿನ ಮುಖ ಬಿಳಿಚಿಕೊಂಡಿತು. "ಏನ್ ಹೇಳ್ತಿದೀರಾ? ಈಗಷ್ಟೇ ಗೇಟಲ್ಲಿ ನನಗೆ ಟಾಟಾ ಮಾಡಿ ಬಂದಳಲ್ಲ!"

ಹಿಂದೆ ಬಂದು ನಿಂತಿದ್ದ ಗಂಡ ಶಶಿಕುಮಾರ, ಏನು ಎತ್ತ ತಿಳಿಯದಿದ್ದರೂ ಹೆಂಡತಿಯ ಮಾತಿಗೆ ಒತ್ತು ಕೊಟ್ಟ. "ಅದೇ ಮೇಡಂ, ಈಗ್ಲೇ ಬಸ್ ಹತ್ತಿಸ್ಬಿಟ್ಟು ಬಂದೆ."

"ಸುಮಾರು ದಿನ ಆಯ್ತು ಅಂದರು ಅವರು," ಎಂದರು ಸುಮೇರಾ. ದನಿ ಏರಿಸಲಿಲ್ಲ. ಅದೇ ಅರುಣಾಳಿಗೆ ಹೆಚ್ಚು ಹೆದರಿಕೆ ತಂದಿತು.

"ಮೇಡಂ, ದೇವರಾಣೆಗೂ ಅವಳು ನೂಲಿನ ಕಂಡಿಕೆ ಮುಟ್ಟಿಲ್ಲ. ನೂಲೆಲ್ಲ ನಾನೇ ಸುತ್ತೋದು. ಬೇಕಾದ್ರೆ ನೋಡಿ."

"ಯಾವ ಕಂಡಿಕೆ?"

"ನೀವು ಅದಕ್ಕಲ್ವಾ ಬಂದಿದ್ದು?"

ಯಾರು ಯಾವುದಕ್ಕೆ ಬಂದಿದ್ದಾರೆ ಎಂಬುದು ಆ ಹೊಸಿಲಿನ ಮೇಲೆ ಒಂದು ಗಳಿಗೆ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಶ್ವೇತ ಮಿಸ್ಸೇ ಬಾಯಿ ಬಿಟ್ಟಳು. ಮಗುವಿನ ಕಾಲಲ್ಲಿ ಬಳೆಯಂತೆ ಕೆಂಪು ಗುರುತು ಕಂಡಿದ್ದಳಂತೆ. ಏನಾಯ್ತು ಪುಟ್ಟಿ ಎಂದು ಕೇಳಿದರೆ ಇಂಚರ ಬಾಯಿಗೆ ಬೆರಳಿಟ್ಟುಕೊಂಡಳಂತೆ. ದಿನವೂ ಕೇಳಿ ಕೇಳಿ, ಇವತ್ತು ಕಿವಿಯಲ್ಲಿ ಉಸುರಿದ್ದಳು.

"ಮನೇಲಿ ಒಬ್ಬ ರಾಕ್ಷಸ ಇದಾನಂತೆ. ಹೇಳಿದ್ರೆ ನುಂಗಿಬಿಡ್ತಾನಂತೆ. ಅಮ್ಮಂಗೂ ಗೊತ್ತಂತೆ, ಅಮ್ಮನೇ ಯಾರಿಗೂ ಹೇಳ್ಬೇಡ ಅಂದಿದಾರಂತೆ." ಮಿಸ್ಸು ತನ್ನ ಫೋನು ತೆಗೆದು ತೋರಿಸಿದಳು. "ನಿಮಗೆ ಎಷ್ಟು ಸಲ ಫೋನ್ ಮಾಡಿದೆ. ಎತ್ತಲೇ ಇಲ್ಲ. ಆಮೇಲೆ ಮಕ್ಕಳ ಸಹಾಯವಾಣಿಗೆ ಮಾಡಿದೆ. ನನಗಿನ್ನೇನು ಮಾಡ್ಬೇಕೋ ತೋಚಲಿಲ್ಲ."

ಮಗ್ಗ ಓಡುವಾಗ ಫೋನು ಕಿವಿಯ ಪಕ್ಕದಲ್ಲಿ ಕೂಗಿದರೂ ಕೇಳದು. ರಾಕ್ಷಸ ಎಂಬ ಮಾತು ಕೇಳಿದಾಗಲೇ ಅರುಣಾಳಿಗೆ ಎಲ್ಲ ಹೊಳೆದಿತ್ತು. ಶಶಿಕುಮಾರ ಮಾತ್ರ ರೇಗಿದ.

"ಯಾವ ರಾಕ್ಷಸ್ನರೀ? ಈ ಮನೇಲಿರೋ ಗಂಡ್ಸು ಅಂದ್ರೆ ನಾನೊಬ್ನೇ!"

ಹೇಳಿದ ಮೇಲೆ ತಾನು ಹೇಳಿದ್ದು ತನಗೇ ಕೇಳಿಸಿದಂತೆ ಅವನು ಬಾಯಿ ಮುಚ್ಚಿಕೊಂಡ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ರೀ, ಸುಮ್ನಿರಿ," ಎಂದಳು ಅರುಣಾ. "ಮೇಡಂ, ಆ ರಾಕ್ಷಸ ನಾನೇ ಕಟ್ಟಿದ ಕತೆ."

ಅವಳು ಅವರನ್ನು ಒಳಕೋಣೆಗೆ ಕರೆದೊಯ್ದು ಮಂಚದ ಕಾಲಿನ ಪಟ್ಟಿಯನ್ನು ತೋರಿಸಿದಳು. ಅತ್ತೆ ರುಕ್ಮಿಣಮ್ಮ ಇರುವ ತನಕ ಮೊಮ್ಮಗಳನ್ನು ತೊಡೆಯ ಮೇಲಿಂದ ಇಳಿಸುತ್ತಿರಲಿಲ್ಲ. ಅತ್ತೆ ಹೋದಮೇಲೆ ಒಂದು ಸಂಜೆ ಇಂಚರ ಮೋಟಾರಿನ ಬೆಲ್ಟಿನತ್ತ ಬಗ್ಗಿದ್ದಳು. ಜಡೆಯ ತುದಿ ಬೆಲ್ಟಿಗೆ ಸಿಕ್ಕಿತ್ತು. ಶಶಿಕುಮಾರ ಸ್ವಿಚ್ಚಿನ ಪಕ್ಕದಲ್ಲೇ ಇದ್ದದ್ದಕ್ಕೆ ಕೂದಲಷ್ಟೇ ಹೋಯಿತು. ಅಂದಿನಿಂದ ಈ ಪಟ್ಟಿ. ನೀರಿನ ಗಡಿಗೆಗೆ ಎಟಕುವಷ್ಟು ಉದ್ದ, ಮಗ್ಗಕ್ಕೆ ಎಟಕದಷ್ಟು ಗಿಡ್ಡ. ಮಗು ಅಳುತ್ತಿತ್ತು. ಅದಕ್ಕೇ ಕತೆ ಹುಟ್ಟಿತು. ಮಗ್ಗದೊಳಗೊಬ್ಬ ರಾಕ್ಷಸ, ಅವನಿಗೆ ಎಷ್ಟು ಉಣಿಸಿದರೂ ಹಸಿವು, ಈ ಪಟ್ಟಿ ಕಟ್ಟಿಕೊಂಡ ರಾಜಕುಮಾರಿಯನ್ನು ಮಾತ್ರ ಅವನು ಮುಟ್ಟಲಾರ. ಮಗಳನ್ನು ಕಟ್ಟಿ ಹಾಕುತ್ತಾಳೆ ಎಂದು ಜನ ಆಡಿಕೊಂಡಾರೆಂಬ ನಾಚಿಕೆಗೆ ಕತೆಯ ಬಾಲಕ್ಕೆ ಇನ್ನೊಂದು ಎಳೆ ಸೇರಿಸಿದ್ದಳು. ಯಾರಿಗಾದರೂ ಹೇಳಿದರೆ ಪಟ್ಟಿಯ ಶಕ್ತಿ ಹೋಗುತ್ತದೆ.

ಸುಮೇರಾ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿದರು. ಒಳ್ಳೆಯದೆಂದಾಗಲಿ ಕೆಟ್ಟದ್ದೆಂದಾಗಲಿ ಅನ್ನಲಿಲ್ಲ. "ನಾನು ಮೊದಲು ಮಗೂನ ನೋಡ್ಬೇಕು," ಎಂದರು.

ಅರುಣಾ ಹಿತ್ತಲ ಗೋಡೆಯ ಹತ್ತಿರ ನಿಂತು ಕೂಗಿದಳು. "ಕಮರಕ್ಕ, ಇಂಚರನ ಕಳ್ಸು."

ಕಮರ್ ಜಹಾನ್ ಕಿಟಕಿಯಲ್ಲಿ ಇಣುಕಿ, ಅರುಣಾಳ ಬೆನ್ನ ಹಿಂದಿದ್ದವರನ್ನು ಕಂಡು, ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ ಹೇಳಿದಳು. "ಯಾವ ಇಂಚರ? ಇಲ್ಲಿ ಮಕ್ಳೇ ಇಲ್ವಲ್ಲಮ್ಮ."

"ಅಯ್ಯೋ, ನಾನೇ ಕೇಳ್ತಿದೀನಲ್ಲ!"

"ನೀನು ಕೇಳಿದ್ರೂ ಇಲ್ಲ. ಯಾ ಅಲ್ಲಾ, ಯಾರ್ ಮಗೂನೋ ನನ್ ಮೇಲೆ ಹಾಕ್ತಾಳೆ ನೋಡಿ ಮೇಡಂ!"

ಇನ್ನೊಂದು ದಿನವಾಗಿದ್ದರೆ ಅರುಣಾ ನಗುತ್ತಿದ್ದಳು. ಈಗ ಅಳು ಒತ್ತರಿಸಿ ಬಂತು. "ಅಕ್ಕಾ, ಇವ್ರು ಅವ್ರಲ್ಲ. ನಿನ್ ಕಾಲಿಗೆ ಬೀಳ್ತೀನಿ, ಕಳ್ಸು."

ಅವಳ ಕಣ್ಣೀರು ಕಂಡ ಮೇಲೆ ಕಮರ್ ಜಹಾನ್ ಒಳಗೆ ಹೋದಳು. ಸೀರೆ ಗಂಟುಗಳ ಸಂದಿಯಿಂದ, ಬಾಯಿತುಂಬ ಬಿಸ್ಕತ್ತು ತುಂಬಿಕೊಂಡಿದ್ದ ಇಂಚರ ಹೊರಬಂದಳು.

ಸುಮೇರಾ ಮಗುವಿನೊಂದಿಗೆ ಒಬ್ಬರೇ ಮಾತಾಡಬೇಕೆಂದರು. ಅಪ್ಪ ಅಮ್ಮ ಇಬ್ಬರೂ ಹೊರಗೆ, ಮಿಸ್ಸೂ ಹೊರಗೆ. ಕೋಣೆಯ ಬಾಗಿಲನ್ನು ಅರ್ಧ ಮುಚ್ಚಿದರು.

ಅರುಣಾ ಜಗಲಿಯಲ್ಲಿ ಕೂತಳು. ಬೀದಿಯಲ್ಲಿ ಇನ್ನೂ ಒಂದು ಮಗ್ಗವೂ ಶುರುವಾಗಿರಲಿಲ್ಲ. ಒಳಗೆ ಮಗಳು ಏನು ಹೇಳುತ್ತಿದ್ದಾಳೆ? ರಾಕ್ಷಸನ ಕತೆಯನ್ನು ಬೆಳೆಸುತ್ತಿದ್ದಾಳೆಯೇ? ಕತೆ ಕೇಳುತ್ತ ಬೆಳೆದ ಮಗು, ಅದಕ್ಕೆ ಕೈಕಾಲು ಹಚ್ಚದೆ ಬಿಟ್ಟೀತೇ? ಅವಳ ಮಾತನ್ನೇ ನಂಬಿ ಜೀಪಿನಲ್ಲಿ ಕೂರಿಸಿಕೊಂಡು ಹೋದರೆ? ಈ ಭಯದ ನಡುವೆ ಇನ್ನೊಂದು ಯೋಚನೆ, ಕರೆಯದೆ ಬಂದದ್ದು. ರಾಕ್ಷಸ ತಾನು ಕಟ್ಟಿದವನೇ ನಿಜ. ಆದರೆ ಮಗು ಹೇಳಿದ ರಾಕ್ಷಸನೂ ಅವನೇ ಎಂದು ತನಗೆ ಹೇಗೆ ಗೊತ್ತು? ಯಾರಿಗೂ ಹೇಳಬೇಡ ಎಂದು ತಾನೇ ಕಲಿಸಿದ ಮೇಲೆ, ಮಗಳು ಬೇರೆ ಇನ್ನೇನನ್ನು ಹೇಳದೆ ಉಳಿಸಿಕೊಂಡಿರಬಹುದು? ಅವಳು ಗಂಡನತ್ತ ತಿರುಗಿದಳು. ಕಂಬಕ್ಕೆ ಒರಗಿ ಉಗುರು ಕಚ್ಚುತ್ತಿದ್ದ ಶಶಿಕುಮಾರ ಆ ನೋಟವನ್ನು ಕಂಡ.

"ನೀನೂನಾ?" ಎಂದ ಮೆಲ್ಲಗೆ.

ಅರುಣಾ ತಲೆ ತಗ್ಗಿಸಿದಳು. ಇಲ್ಲ ಎನ್ನಬೇಕಿತ್ತು.

ಶ್ವೇತ ಮಿಸ್ಸು ಪಕ್ಕಕ್ಕೆ ಬಂದು ಕೂತಳು. "ನಾನು ತಪ್ಪು ಮಾಡಿದೆನಾ ಅರುಣಾ ಅವರೇ?"

"ನನಗೆ ಗೊತ್ತಾಗ್ತಿಲ್ಲ ಮಿಸ್. ನೀವು ಕೇಳ್ದೇ ಇದ್ದಿದ್ರೆ ಅವಳ್ನ ಯಾರು ಕೇಳ್ತಿದ್ರು?" ಎಂದಳು ಅರುಣಾ. ಬೈಯಬೇಕೆಂದು ಬಾಯಿ ತೆರೆದವಳು ಯಾಕೆ ಹೀಗೆ ಅಂದಳೋ ಅವಳಿಗೇ ತಿಳಿಯಲಿಲ್ಲ.

ಬಾಗಿಲು ತೆರೆಯಿತು. ಇಂಚರ ಸುಮೇರಾ ಅವರ ದುಪಟ್ಟಾದ ತುದಿ ಹಿಡಿದುಕೊಂಡಿದ್ದಳು.

"ಎಲ್ಲಾ ಹೇಳಿದಾಳೆ. ಬೆಲ್ಟು, ಜಡೆ, ರಾಜಕುಮಾರಿ," ಎಂದರು ಸುಮೇರಾ. ಶಶಿಕುಮಾರನತ್ತ ನೋಡಿ, "ಅಪ್ಪ ಮಗ್ಗ ನಿಲ್ಲಿಸಿ ಅತ್ತಿದ್ದೂ ಹೇಳಿದಳು" ಎಂದರು. ಅವನು ಬೆನ್ನು ತಿರುಗಿಸಿ ನಿಂತ.

"ಕರ್ಕೊಂಡು ಹೋಗ್ತೀರಾ ಮೇಡಂ?" ಅರುಣಾ ಕೇಳಿಯೇ ಬಿಟ್ಟಳು.

"ಇಲ್ಲಮ್ಮ. ಆದ್ರೆ ಕಟ್ಟೋ ಹಾಗಿಲ್ಲ, ಇವತ್ತಿಂದ್ಲೇ. ಮಕ್ಕಳ ಕಲ್ಯಾಣ ಸಮಿತಿ ಮುಂದೆ ನೀವಿಬ್ರೂ ಅವಳ ಜೊತೆ ಬರ್ಬೇಕು. ಶಾಲೆ ಬಿಟ್ಟ ಮೇಲೆ ಮಕ್ಕಳನ್ನ ನೋಡ್ಕೊಳ್ಳೋ ಸಂಸ್ಥೆ ಇಲ್ಲಿ ಯಾವುದಾದ್ರೂ ಇದೆಯಾ ಹುಡುಕ್ತೀನಿ. ಒಬ್ರು ಸಮಾಲೋಚಕರು ಬಂದು ಮಾತಾಡ್ತಾರೆ. ಅಲ್ಲಿವರೆಗೂ ಸಂಜೆ ಹೊತ್ತು ಯಾರ ಹತ್ರ ಬಿಡ್ತೀರಿ ಹೇಳಿ."

"ನನ್ ಹತ್ರ," ಎಂದಿತು ಗೋಡೆಯಾಚೆಯ ದನಿ. "ಬಿಸ್ಕತ್ ಡಬ್ಬಿ ಖಾಲಿ ಮಾಡಿದಾಳೆ, ಇನ್ನೇನ್ ಉಳೀತು!"

ಸಮಿತಿ, ಸಂಸ್ಥೆ, ಸಮಾಲೋಚಕರು. ಅರುಣಾಳ ತಲೆಯಲ್ಲಿ ಒಂದೂ ಗಂಟು ಬಿಚ್ಚಿಕೊಳ್ಳಲಿಲ್ಲ. "ಮೇಡಂ, ತಪ್ಪು ತಿಳ್ಕೋಬೇಡಿ. ಇದು ನಮಗೆ ಶಿಕ್ಷೆನಾ, ಸಹಾಯನಾ?"

"ಸಹಾಯಾನೇ. ಶುರುನಲ್ಲಿ ಹಾಗೆ ಕಾಣಲ್ಲ."

ಸುಮೇರಾ ಹೊಸಿಲು ದಾಟಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದರು. ಇಂಚರ ಅಮ್ಮನ ಸೆರಗು ಜಗ್ಗಿದಳು. "ಅಮ್ಮಾ, ನಾನು ಹೇಳ್ಬಿಟ್ಟೆ. ಈಗ ರಾಕ್ಷಸ ನುಂಗ್ತಾನಾ?"

ಅರುಣಾ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಇಲ್ಲ ಬಂಗಾರ. ರಾಕ್ಷಸ ಅಂತ ಯಾರೂ ಇಲ್ಲ. ಅಮ್ಮ ಸುಳ್ಳು ಹೇಳಿದ್ದೆ. ಇನ್ಮೇಲೆ ಯಾರಿಗೆ ಏನು ಬೇಕಾದ್ರೂ ಹೇಳು."

ಮಗುವಿನ ಮುಖ ಅರಳಿತು.

"ಹಂಗಾದ್ರೆ ಮಗ್ಗ ಮುಟ್ಟಬಹುದಾ?"

ಅರುಣಾ ಮಗಳ ಕೈ ಹಿಡಿದುಕೊಂಡಳು. ಗಂಡನನ್ನು ನೋಡಿದಳು, ಮಿಸ್ಸನ್ನು ನೋಡಿದಳು. ಸುಮೇರಾ ಮೆಟ್ಟಿದ ಚಪ್ಪಲಿಯನ್ನು ಬಿಟ್ಟು ಮತ್ತೆ ಒಳಗೆ ಬಂದು, ಮಗುವಿನ ಪಕ್ಕ ನೆಲದ ಮೇಲೆ ಕೂತರು.

"ಒಂದು ಲೋಟ ಟೀ ಇಡಮ್ಮ," ಎಂದರು. "ಇದಕ್ಕೆ ಉತ್ತರ ಎಲ್ಲರೂ ಸೇರಿ ಯೋಚನೆ ಮಾಡ್ಬೇಕು."