ಬೂಬಮ್ಮನ ಹುಳದ ಗಡಿಗೆ

ಕಿರುಗಾವಲಿನ ಸುತ್ತ ರೇಷ್ಮೆ ಹುಳ ಸಾಕುವವರು ಬೇಕಾದಷ್ಟು ಜನ. ಗಡಿಗೆಯಲ್ಲಿ ತೌಡು ತುಂಬಿ ಹುಳ ಸಾಕಿದವಳು ಮಾತ್ರ ಎತ್ತಿಗೆ ಲಾಳ ಕಟ್ಟುವ ಗಫಾರನ ಹೆಂಡತಿ ಸುಲ್ತಾನ್ ಬೀ, ಬೀದಿಯವರ ಬಾಯಲ್ಲಿ ಬೂಬಮ್ಮ, ಒಬ್ಬಳೇ. ಯುದ್ಧದ ಕಾಲ, ಜನಕ್ಕೇ ರೇಷನ್ನು, ಇವಳು ಹುಳಕ್ಕೆ ಉಣ್ಣಿಸುತ್ತಾಳೆ ಎಂದು ಬೀದಿಯೇ ನಗುತ್ತಿತ್ತು. ಪಕ್ಕದ ಮನೆಯ ಚಿಕ್ಕನಂಜಮ್ಮನ ನಗೆ ಎಲ್ಲರದಕ್ಕಿಂತ ಜೋರು. "ನಮ್ಮನೆ ಇಟ್ಟಿನ ಗಡಿಗೇಲಿ ಒಂದು ಉಳ ತೋರ್ಸು, ಕಿವಿ ಕುಯ್ಸ್ಕತೀನಿ" ಅನ್ನೋ ಹೆಂಗಸು ಅವಳು.

ಆ ನಗೆ ನಿಲ್ಲಿಸಿದ್ದು ಗೌಜಲಕ್ಕಿ ಮರಿಗಳು. ಕಬ್ಬಿನ ಗದ್ದೆಯಲ್ಲಿ ಸಿಕ್ಕಿದ ಮೊಟ್ಟೆಗಳನ್ನು ಗಫಾರ್ ತಂದಾಗ ಕಾವು ಕೊಟ್ಟಿದ್ದು ಚಿಕ್ಕನಂಜಮ್ಮನ ಕೋಳಿಯೇ. ಹುಟ್ಟಿದ ಮರಿಗಳು ರಾಗಿ ನುಚ್ಚಿನ ಕಡೆ ತಿರುಗಿಯೂ ನೋಡಲಿಲ್ಲ. ಹರಿದಾಡುವ ಹುಳವೇ ಬೇಕು. ಬಿರುಬೇಸಿಗೆಯಲ್ಲಿ ಗೆದ್ದಲು ಎಲ್ಲಿಂದ ತರೋದು? ಸುಲ್ತಾನ್ ಬೀ ಗಡಿಗೆಗೆ ಕೈಯಿಟ್ಟು ಹಳದಿ ಹುಳ ತೆಗೆದು ಬಿಟ್ಟಳು. ಟಕ್ಕನೆ ನುಂಗಿದವು. ಅವತ್ತಿನಿಂದ ಚಿಕ್ಕನಂಜಮ್ಮನಿಗೆ ಆ ಗಡಿಗೆ ಅಂದರೆ ದೇವರ ಹುಂಡಿ.

ಅದಕ್ಕೇ ಸುಲ್ತಾನ್ ಬೀ ಮಳವಳ್ಳಿಗೆ ಮದುವೆಗೆ ಹೋಗುವಾಗ ಗಡಿಗೆಯನ್ನು ಅವಳಿಗೇ ಒಪ್ಪಿಸಿದಳು. "ಸೌತೆಕಾಯಿ ಸಿಪ್ಪೆ ಆಕಕ್ಕ, ಸಾಕು. ಇನ್ನೇನೂ ಮಾಡ್ಬ್ಯಾಡ."

ಸಿಪ್ಪೆ ಹಾಕಲು ಬಗ್ಗಿದ ಚಿಕ್ಕನಂಜಮ್ಮ ಗಡಿಗೆಯನ್ನು ಬೆಳಕಿಗೆ ಎಳೆದಳು. ಎಷ್ಟೋ ಹುಳ ಬೆಳ್ಳಗೆ ಬಿಳಿಚಿಕೊಂಡು ಸೆಟೆದು ಬಿದ್ದಿವೆ. ಸತ್ತವು ಕೊಳೆತರೆ ಉಳಿದವೂ ಹೋದವು! ತಿಳಿದಿದ್ದು ಒಂದೇ ವಿದ್ಯೆ. ಚಾಪೆ ಹಾಸಿ ತೌಡನ್ನು ಬಿಸಿಲಿಗೆ ಹರವಿದಳು, ಮೊರದಲ್ಲಿ ಕೇರಿದಳು. ಬೆಳ್ಳಗಿನವನ್ನೆಲ್ಲ ಕೋಳಿ ಹೆಕ್ಕಿತು. ಹಳದಿಯವು ಬಿಸಿಲಿಗೆ ಸುರುಟಿದವು. ತೌಡಿನಡಿ ಇದ್ದ ದುಂಬಿಯಂಥ ಕರಿ ಹುಳಗಳು ಓಡಿಹೋದವು.

ಸಂಜೆ ಸುಲ್ತಾನ್ ಬೀ ಬಂದು ಬರಿ ತೌಡು ನೋಡಿದಳು. ಚಿಕ್ಕನಂಜಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು, "ಬೂಬಮ್ಮ, ಸತ್ತೋಗಿದ್ವು ಕಣಮ್ಮ" ಅಂದಳು.

"ಸತ್ತಿರ್ಲಿಲ್ಲಕ್ಕ. ರೇಸ್ಮೆ ಉಳ ಗೂಡು ಕಟ್ಕಂಡು ಮಲಗ್ತದಲ್ಲ, ಇವು ಗೂಡಿಲ್ದೆ ಬತ್ಲೆ ಮಲಗೋ ಜಾತಿ. ಎದ್ರೆ ಕರಿ ಉಳ, ಕರಿ ಉಳ ಮೊಟ್ಟೆ ಇಕ್ತದೆ." ಬೈಯಲಿಲ್ಲ. ನೇರ ಒರಳುಕಲ್ಲಿನ ಹತ್ತಿರ ಹೋಗಿ ಪಕ್ಕದ ಗೋಣಿ ಎತ್ತಿದಳು. ಕರಿ ಹುಳಗಳೆಲ್ಲ ಅಲ್ಲೇ ಗುಂಪಾಗಿ ಕೂತಿದ್ದವು! "ಇವಕ್ಕೆ ಬೆಳಕು ಅಂದ್ರೆ ಆಗಕ್ಕಿಲ್ಲ. ವಂಸ ಉಳೀತು. ಆದ್ರೆ ಮರಿ ಉಳ ಆಗೋಗಂಟ ನಮ್ಮ ಮರಿಗಳ ಒಟ್ಟೆಗೇನು?"

ಬುಟ್ಟಿಯಡಿ ಮರಿಗಳು ಕಿಚಕಿಚ ಅನ್ನುತ್ತಿದ್ದವು. ಚಿಕ್ಕನಂಜಮ್ಮ ಮೊರ ಹಿಡಿದು ಬೀದಿಗಿಳಿದಳು. "ಉಳ ಬಿದ್ದ ಇಟ್ಟಿದ್ರೆ ಕೊಡ್ರವ್ವಾ!"

"ನಮ್ಮನೇಲಾ? ತೂ!" ಎಂದಳು ಮುದ್ದಮ್ಮ. ಪಟ್ಟಲಮ್ಮ ಬಾಗಿಲೇ ಹಾಕಿಕೊಂಡಳು. ಹಿಟ್ಟಲ್ಲಿ ಹುಳ ಇದೆ ಅಂತ ಯಾವ ಹೆಂಗಸು ಒಪ್ಪಿಕೊಂಡಾಳು?

ಚಿಕ್ಕನಂಜಮ್ಮ ವಾಪಸು ತನ್ನ ಮನೆ ಹೊಕ್ಕಳು. ಅಟ್ಟದಿಂದ ತನ್ನ ಹಿಟ್ಟಿನ ಗಡಿಗೆ ಇಳಿಸಿ ನಡುಬೀದಿಯಲ್ಲಿ ಕೂತು ಹಿಟ್ಟನ್ನು ಮೊರಕ್ಕೆ ಸುರಿದಳು. ಹುಳ ಮಿಜಿಮಿಜಿ ಅಂದವು. "ನೋಡ್ರಲೇ, ನಮ್ಮನೇದು! ಈಗ್ಲಾದ್ರೂ ತತ್ತೀರಾ?"

ಬೀದಿಯ ಹೆಂಗಸರು ಮೊರದ ಸುತ್ತ ಬಗ್ಗಿ ನೋಡಿದರು. ಆಮೇಲೆ ಮುದ್ದಮ್ಮ ಸೆರಗಿನ ಮರೆಯಲ್ಲಿ ಒಂದು ಕುಡಿಕೆ ತಂದಳು. ಪಟ್ಟಲಮ್ಮನ ಬಾಗಿಲೂ ತೆರೆಯಿತು.

ಮರಿಗಳು ಟಕ್, ಟಕ್ ಎಂದು ಹೆಕ್ಕತೊಡಗಿದವು. ಸುಲ್ತಾನ್ ಬೀ ಕರಿ ಹುಳಗಳನ್ನು ಒಂದೊಂದಾಗಿ ಗಡಿಗೆಗೆ ಬಿಡುತ್ತಾ ಕಣ್ಣಂಚಿನಲ್ಲೇ ನಕ್ಕಳು. "ಅಕ್ಕ, ಎಲ್ಲಿ ಆ ಕಿವಿ?"

"ಕುಯ್ಕೊ ಬುಡವ್ವ, ಯಾರು ಬ್ಯಾಡಂದ್ರು" ಎಂದಳು ಚಿಕ್ಕನಂಜಮ್ಮ. "ಮೊದ್ಲು ಆ ಬಡಕಲು ಮರಿಗೆ ಇನ್ನೊಂದು ಆಕು."