ಮರಿಲಿಂಗಪ್ಪ ಎತ್ತಿ ಕಟ್ಟಿದ ಪರದೆ

ಅಂದು ಬೆಳಿಗ್ಗೆ ಊರಲ್ಲಿ ನಳದ ನೀರು ಬರಲಿಲ್ಲ. ನಳ ಬರದಿದ್ದರೆ ಬೈಯಲು ಯಾರಾದರೂ ಬೇಕಲ್ಲ? ಆ ಬೈಗುಳದ ಪಾಲು ಅಲ್ಮಾಸಳಿಗೆ ಬಂತು. ಮಹಿಳಾ ಸಂಘದ ಪರವಾಗಿ ಹೊಳೆಯ ನೀರು ಪರೀಕ್ಷಿಸುವ ಕೆಲಸ ಅವಳದು.

ಭೀಮಾ ದಂಡೆಯ ಆ ಊರಿನ ದೋಣಿಕಟ್ಟೆಯಲ್ಲಿ ಹೂಳು ತುಂಬಿ, ಹರಗೋಲು ತಿರುಗಿಸಲೂ ಜಾಗವಿರಲಿಲ್ಲ. ಊರ ಚರಂಡಿ ಎಷ್ಟೋ ವರ್ಷ ಅಲ್ಲೇ ಬಂದು ಬಿದ್ದಿತ್ತು. ಈಗ ಚರಂಡಿಯನ್ನು ಬೇರೆಡೆ ತಿರುಗಿಸಿ, ತೇಲುವ ಯಂತ್ರ ತಂದು ಹೂಳೆತ್ತುತ್ತಿದ್ದರು. ಕದಡಿದ ನೀರು ಹೊರಗೆ ಹರಿಯದಂತೆ ಕಟ್ಟೆಯ ಸುತ್ತ ದಪ್ಪ ಬಟ್ಟೆಯ ಪರದೆಯನ್ನು ತಳದವರೆಗೆ ಇಳಿಬಿಟ್ಟಿದ್ದರು. ನಳಕ್ಕೆ ನೀರು ಹೋಗುವ ಬಾವಿ ಹೊಳೆ ಹರಿಯುವ ದಿಕ್ಕಿನಲ್ಲಿ ಅಲ್ಲಿಂದ ಸ್ವಲ್ಪ ಕೆಳಗಿತ್ತು.

ಮೀನುಗಾರ ಮರಿಲಿಂಗಪ್ಪನಿಗೆ ಈಚೆಗೆ ಭರ್ತಿ ಮೀನು. ಹೂಳು ಕದಡಿದಲ್ಲಿ ಹುಳ ಏಳುತ್ತವೆ, ಹುಳ ಎದ್ದಲ್ಲಿ ಮೀನು ಸೇರುತ್ತವೆ. ಆತ ಪರದೆಯ ಕೆಳಅಂಚನ್ನು ಒಂದು ಕಡೆ ಎತ್ತಿ ಕಟ್ಟಿ, ಆ ಸಂದಿಗೆ ಬಲೆ ಒಡ್ಡಿದ್ದ. ಯಾರಿಗೂ ಹೇಳಿರಲಿಲ್ಲ, ಹೆಂಡತಿ ಮೌನಮ್ಮನಿಗೂ.

ಅಲ್ಮಾಸ ಬಂದಾಗ ಆತ ಅಂಗಳದಲ್ಲಿ ಬಲೆ ಒಣಹಾಕುತ್ತಿದ್ದ. ಮನೆಯ ಜಗುಲಿಯ ಮೇಲೆ ಮಗಳು ಸುಮಲತಾ ಕೂತಿದ್ದಳು. ತುಂಬು ಬಸುರಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು.

"ಏನವ್ವಾ, ಮಶಿನ್ನೂ ನಿಲ್ಲಿಸೀರಿ, ನಳಾನೂ ನಿಲ್ಲಿಸೀರಿ. ನಾವೇನು ಗಾಳಿ ಕುಡದು ಬದುಕ್ಬೇಕಾ?" ಎಂದ ಮರಿಲಿಂಗಪ್ಪ.

"ಪರದೆಯಿಂದ ಕೆಳಗ ನೀರು ರಾಡಿ ಆಗ್ಯದ ಕಾಕಾ. ಟ್ಯಾಂಕರ್ ಬರಾಕತ್ತದ, ಅಲ್ಲೀತನ ಹೊಳೀ ನೀರು ತರಬ್ಯಾಡ್ರಿ ಅಂತ ಮನಿ ಮನಿ ಹೇಳಾಕತ್ತೀನಿ."

"ರಾಡಿ! ಮಳಿಗಾಲದಾಗ ಕೆಂಪು ನೀರು ಕುಡದು ಬೆಳದವ ನಾನು."

"ಅದು ಹೊಲದ ಮಣ್ಣು ಕಾಕಾ. ಇದು ಚರಂಡಿ ಹೊಲಸು. ಇಷ್ಟು ದಿನ ತಳದಾಗ ಮಲಗಿತ್ತು, ಈಗ ಎಬ್ಬಿಸೀವಿ."

ಅವಳು ಒಂದು ಉದ್ದನೆಯ ಪಾರದರ್ಶಕ ಕೊಳವೆ ತೆಗೆದಳು. ಅದರ ತಳದಲ್ಲಿ ಕಪ್ಪು ಗುರುತಿತ್ತು. ದೋಣಿಕಟ್ಟೆಗಿಂತ ಮೇಲೆ, ಹೂಳೆತ್ತದ ಕಡೆಯಿಂದ ತಂದ ಹೊಳೆಯ ನೀರು ಸುರಿದಳು. ಮೇಲಿಂದ ಬಗ್ಗಿ ನೋಡಿದರೆ ಗುರುತು ಕಾಣುತ್ತಿತ್ತು. ಅದನ್ನು ಚೆಲ್ಲಿ, ಪರದೆ ದಾಟಿ ಕೆಳಗೆ ಹರಿದು ಬಂದ ನೀರು ಸುರಿದಳು. ಅರ್ಧ ತುಂಬುವುದರೊಳಗೆ ಗುರುತು ಮಾಯ.

"ದಿನಾ ಎರಡೂ ಕಡೆ ನೋಡ್ತೀವ್ರಿ. ಮ್ಯಾಲಿನಕಿಂತ ಕೆಳಗ ಭಾಳ ರಾಡಿ ಆದ್ರ ಮಶಿನ್ ಬಂದ್. ಎಲ್ಲೋ ಪರದೆ ಸಡ್ಲ ಆಗ್ಯದ, ಹುಡುಕಬೇಕು."

ಮರಿಲಿಂಗಪ್ಪ ಬಲೆಯ ಸಿಕ್ಕು ಬಿಡಿಸತೊಡಗಿದ. ಅದರಲ್ಲಿ ಸಿಕ್ಕೇ ಇರಲಿಲ್ಲ.

ಒಳಗಿನಿಂದ ಮೌನಮ್ಮ ನಗುತ್ತಾ ಬಂದಳು. "ಇಷ್ಟಕ್ಕ ಯಾಕ ಅಂಜ್ತೀ ಅಲ್ಮಾಸ? ನಸಕಿನ್ಯಾಗ ಕಟ್ಟಿ ಕೆಳಗಿಂದ ಎರಡು ಕೊಡ ತಂದೀನಿ. ಪಟಗದ ಹರಳು ತಿರುವೀನಿ ನೋಡು, ನೀರು ಕನ್ನಡಿ ಆಗ್ಯದ." ತಿಳಿನೀರು ತುಂಬಿದ ತಂಬಿಗೆಯನ್ನು ಮಗಳ ಕೈಗೆ ಕೊಟ್ಟಳು.

"ಪಟಗಕ್ಕ ಮಣ್ಣು ಕೆಳಗ ಕೂಡ್ತದ ಕಾಕಿ. ಕಣ್ಣಿಗೆ ತಿಳಿ ಕಂಡ್ರೂ ಹೊಲಸಿನ ಕ್ರಿಮಿ ಉಳೀತಾವ. ಬಸುರಿ ಹೆಂಗಸಿಗೆ ಈ ನೀರಿಂದ ಕಾಮಾಲೆ ಬಂದ್ರ ಜೀವಕ್ಕೇ..."

ಅವಳ ಮಾತು ಮುಗಿಯಲಿಲ್ಲ. ಸುಮಲತಾ ತಂಬಿಗೆ ಎತ್ತಿದ್ದಳು. ಮರಿಲಿಂಗಪ್ಪ ಬಲೆ ಎಸೆದು ಹಾರಿ ಬಂದು ತಂಬಿಗೆ ಕಸಿದುಕೊಂಡ. ನೀರೆಲ್ಲ ಅಂಗಳಕ್ಕೆ ಚೆಲ್ಲಿತು.

"ಕುಡೀಬ್ಯಾಡವ್ವಾ! ಪರದೆ ಎತ್ತಿ ಕಟ್ಟಿದವ ನಾನೇ ಅದೀನಿ!"

ಆತನಿಗೆ ಮಗಳ ಮುಖ ನೋಡುವ ಧೈರ್ಯವಾಗಲಿಲ್ಲ. ಮೌನಮ್ಮ ಹೆಸರಿಗೆ ತಕ್ಕಂತಿರದೆ ಆತನಿಗೆ ಸಮಾ ಬೈದಳು. ಅದನ್ನು ಇಲ್ಲಿ ಬರೆಯುವಂತಿಲ್ಲ.

ಎರಡೂ ಕೊಡ ಬರಿದು ಮಾಡಿ, ಆ ಹೊಲಸಿನಲ್ಲಿ ಹಿಡಿದ ಮೀನನ್ನು ಗುಂಡಿಗೆ ಹಾಕಿ ಮುಚ್ಚಿ, ಮರಿಲಿಂಗಪ್ಪ ಅಲ್ಮಾಸಳನ್ನು ಹರಗೋಲಿನಲ್ಲಿ ಕೂರಿಸಿಕೊಂಡು ಹೋದ. ಹಗ್ಗ ಬಿಚ್ಚಿ ಅಂಚು ಇಳಿಸಿ, ಅದರ ಮೇಲೆ ಕಲ್ಲು ಹೇರಿದ. ನೀರು ತಿಳಿಯಾಗಿ, ಬಾವಿಯ ನೀರನ್ನೂ ಪರೀಕ್ಷಿಸಿದ ಮೇಲೆಯೇ ನಳ ಬಂತು. ಈಗ ಪರದೆಯ ಹತ್ತಿರ ಯಾರ ಹರಗೋಲು ಸುಳಿದರೂ ಆತ ದಂಡೆಯಿಂದಲೇ ಕೂಗುತ್ತಾನೆ: "ಏ, ಆಚಿಗೆ ಹೋಗ್ರೋ! ನನ್ನ ಮಗಳು ಕುಡಿಯೋ ನೀರದು!"

ಓದುವ ಅಕ್ಕ ಅಣ್ಣಂದಿರೇ, ನಿಮ್ಮೂರ ಹೊಳೆಯಲ್ಲೋ ಕೆರೆಯಲ್ಲೋ ಹೂಳು ತೆಗೆಯುತ್ತಿದ್ದರೆ ಪರದೆ ಮುಟ್ಟಬೇಡಿ, ಅದು ಹರಿದಿದ್ದು ಕಂಡರೆ ಕೂಡಲೇ ಕೆಲಸದವರಿಗೆ ತಿಳಿಸಿ. ಇವತ್ತು ನೀರು ನೋಡಿದಿರಾ ಎಂದು ಅವರನ್ನು ದಿನವೂ ಕೇಳಿ. ರಾಡಿ ಹೆಚ್ಚಿದ ದಿನ ಯಂತ್ರ ನಿಂತರೆ ಸಿಟ್ಟಾಗಬೇಡಿ. ಕೆಲಸ ನಾಲ್ಕು ದಿನ ತಡವಾದೀತು, ಆಗಲಿ. ಆ ನೀರು ಕುಡಿಯುವವರು ನಿಮ್ಮ ಮನೆಯವರೇ.